ನಿಘಂಟು, ಕೋಶ, ಸಂಗ್ರಹ, ಸಮಗ್ರ: ಯಾವ ಪುಸ್ತಕ ಯಾವ ಕೆಲಸಕ್ಕೆ?

ಪುಸ್ತಕದಂಗಡಿಗೆ ಹೋಗಿ 'ಒಂದು ಒಳ್ಳೆ ಡಿಕ್ಷನರಿ ಕೊಡಿ' ಎಂದು ಕೇಳಿ. ಅನುಭವ ಇರುವ ಅಂಗಡಿಯವರಾದರೆ ತಕ್ಷಣ ಕೊಡುವುದಿಲ್ಲ. 'ಯಾವುದಕ್ಕೆ ಬೇಕು?' ಎಂದು ಕೇಳುತ್ತಾರೆ. ಮಗುವಿನ ಹೋಮ್‌ವರ್ಕ್‌ಗೋ, ಕಚೇರಿಯ ಪತ್ರಕ್ಕೋ, ಹಳಗನ್ನಡ ಓದೋಕೋ? ಒಂದೊಂದಕ್ಕೂ ಬೇರೆ ಪುಸ್ತಕ ಇದೆ. ಸಮಗ್ರ ಸಂಪುಟ, ಆಯ್ದ ಕೃತಿ, ಸಂಕಲನಗಳ ಕತೆಯೂ ಇದೇ. ಬೆನ್ನ ಮೇಲಿನ ಹೆಸರು ಒಂದು ಹೇಳುತ್ತದೆ, ಒಳಗಿರುವುದು ಕೆಲವು ಸಲ ಇನ್ನೊಂದು.

ಇಂಥ ಪುಸ್ತಕಗಳನ್ನು ದಿನಾ ಎತ್ತಿ ಇಳಿಸುವವರಿಗೆ ಇವೆಲ್ಲ ಗೊತ್ತಿರುವ ಮಾತು. ಅಪರೂಪಕ್ಕೆ ಮುಟ್ಟುವವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಪುಸ್ತಕ ಆರಿಸುವುದರಿಂದ ಹಿಡಿದು ಕೊಳ್ಳುವವರೆಗೆ ಏನು ನೋಡಬೇಕು ಎಂದು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು: ನಿಮ್ಮ ಪ್ರಶ್ನೆ ಯಾವ ಬಗೆಯದು?

ಪದದ ಅರ್ಥ ಬೇಕಾದರೆ ನಿಘಂಟು. ಇದಕ್ಕೇ ಶಬ್ದಕೋಶ, ಅರ್ಥಕೋಶ, ಪದಕೋಶ ಎಂಬ ಹೆಸರುಗಳೂ ಇವೆ. ಹೆಚ್ಚು ಕಡಿಮೆ ಎಲ್ಲ ಒಂದೇ. ಆದರೂ ರೂಢಿಯಲ್ಲಿ ಸಣ್ಣ ವ್ಯತ್ಯಾಸ ಇದೆ. ಇಡೀ ಭಾಷೆಯ ಪದಗಳಿಗೆ ನಿಘಂಟು ಎನ್ನುತ್ತೇವೆ. ಒಂದು ಕ್ಷೇತ್ರದ ಪದಗಳನ್ನು ಮಾತ್ರ ಒಟ್ಟು ಮಾಡಿದ್ದರೆ ಪದಕೋಶ ಎನ್ನುವುದು ಜಾಸ್ತಿ. ಆಡಳಿತ ಪದಕೋಶ, ಕಾನೂನು ಪದಕೋಶ, ವೃತ್ತಿ ಪದಕೋಶ ಎಂದೆಲ್ಲ ಕೇಳಿರುತ್ತೀರಿ. ಪದದ ಜತೆಗೆ ಅದರ ಹಿಂದಿನ ವಿಚಾರವನ್ನೂ ಬಿಡಿಸಿ ಹೇಳಿದ್ದರೆ ಅದು ಪರಿಭಾಷಾಕೋಶ.

ಪದ ಗೊತ್ತಿದೆ, ವಿಷಯ ಬೇಕು ಎಂದರೆ ವಿಶ್ವಕೋಶ. ಒಂದು ಜಿಲ್ಲೆಯ ಹೊಳೆ, ಬೆಳೆ, ಜಾತ್ರೆ, ಇತಿಹಾಸ ಎಲ್ಲ ಒಟ್ಟಿಗೆ ಬೇಕಾದರೆ ಗ್ಯಾಸೆಟಿಯರ್. ಹಳೆಯ ಕವಿಯೊಬ್ಬನ ಕಾಲ, ಮತ, ಗ್ರಂಥಗಳು ಬೇಕಾದರೆ ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'. ಮೂರು ಸಂಪುಟ, 1907, 1919, 1929ರಲ್ಲಿ ಬಂದವು. ಅದರಲ್ಲಿನ ಕಾಲನಿರ್ಣಯಗಳನ್ನು ಆಮೇಲಿನವರು ಅಲ್ಲಲ್ಲಿ ತಿದ್ದಿದ್ದಾರೆ. ಆದರೆ ಹುಡುಕಾಟ ಶುರುವಾಗುವುದು ಇವತ್ತಿಗೂ ಅಲ್ಲಿಂದಲೇ. ಮಗುವಿಗೆ ಪುರಾಣದ ಹೆಸರಿಡಬೇಕು, ಆ ಹೆಸರಿನವರು ಒಳ್ಳೆಯವರೋ ರಾಕ್ಷಸರೋ ನೋಡಬೇಕು ಎಂದರೆ ಬೆನಗಲ್ ರಾಮರಾವ್ ಮತ್ತು ಪಾನ್ಯಂ ಸುಂದರಶಾಸ್ತ್ರಿಗಳ 'ಪುರಾಣನಾಮ ಚೂಡಾಮಣಿ' ಇದೆ. ಸುಮ್ನೆ ಹೇಳುತ್ತಿಲ್ಲ. ಒಂದೇ ಹೆಸರಿನ ನಾಲ್ಕಾರು ಜನ ಪುರಾಣದಲ್ಲಿ ಇರುತ್ತಾರೆ. ಯಾರು ಯಾರು ಎಂದು ಅಲ್ಲಿ ಬಿಡಿಸಿ ಕೊಟ್ಟಿದೆ.

ಇನ್ನು ಮನೆಯಲ್ಲೇ ಇರುವ ಎರಡನ್ನು ನಾವು ಈ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಒಂದು ಪಂಚಾಂಗ, ಇನ್ನೊಂದು ಮಗ್ಗಿ ಪುಸ್ತಕ. ಎರಡೂ ಪಕ್ಕಾ ಪರಾಮರ್ಶನ ಗ್ರಂಥಗಳೇ. ಯಾರೂ ಮೊದಲಿಂದ ಕೊನೆವರೆಗೆ ಓದುವುದಿಲ್ಲ. ಬೇಕಾದ ಪುಟ ತೆಗೆದು ನೋಡಿ ಮುಚ್ಚಿಡುತ್ತಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಕಾಲಂ ನೋಡೋಕೆ ಬರುವ ಅಜ್ಜಿಗೆ ನಿಘಂಟಿನ ಪುಟ ಓದುವುದು ಏನೂ ಕಷ್ಟವಾಗದು.

ಒಂದು ಎಚ್ಚರಿಕೆ. ಗ್ಯಾಸೆಟಿಯರ್ ಬೇರೆ, ಗೆಜೆಟ್ ಬೇರೆ. ಗೆಜೆಟ್ ಎಂದರೆ ರಾಜ್ಯಪತ್ರ: ಸರ್ಕಾರದ ಅಧಿಸೂಚನೆ, ನೇಮಕಾತಿ, ಕಾಯ್ದೆಗಳು ಪ್ರಕಟವಾಗುವ ಪತ್ರ. 'ಗೆಜೆಟ್‌ನಲ್ಲಿ ಬಂದಿದೆಯಾ?' ಎಂದು ಕಚೇರಿಯಲ್ಲಿ ಕೇಳಿದರೆ ಅದು ರಾಜ್ಯಪತ್ರದ ಮಾತು. ನಿಮ್ಮ ತಾಲೂಕಿನ ಇತಿಹಾಸ ಬೇಕೆಂದು ಲೈಬ್ರರಿಗೆ ಹೋದವರು ಗ್ಯಾಸೆಟಿಯರ್ ಎಂದೇ ಕೇಳಿ.

ಹೆಸರನ್ನು ಪೂರ್ತಿ ನಂಬಬೇಡಿ

'ಕೋಶ' ಎಂದಿದ್ದರೆ ಅರ್ಥ ಹೇಳುವ ಪುಸ್ತಕ ಎಂದುಕೊಳ್ಳುತ್ತೇವೆ, ಅಲ್ವಾ? ನಿರಂಜನರ ಸಂಪಾದಕತ್ವದಲ್ಲಿ ಬಂದ 'ವಿಶ್ವಕಥಾಕೋಶ'ದಲ್ಲಿ 25 ಸಂಪುಟ ಇವೆ. ತೆರೆದರೆ ಒಳಗೆ ದೇಶದೇಶಗಳ ಸಣ್ಣಕತೆಗಳು. ಅದು ಸಂಕಲನ. ಅದೇ ನಿರಂಜನರು ಕಿರಿಯರಿಗಾಗಿ ಏಳು ಸಂಪುಟಗಳಲ್ಲಿ ಮಾಡಿದ 'ಜ್ಞಾನಗಂಗೋತ್ರಿ' ಎಂಬ ಹೆಸರಿನಲ್ಲಿ ಕೋಶ ಎಂಬ ಪದವೇ ಇಲ್ಲ. ಆದರೆ ಅದು ನಿಜವಾದ ವಿಶ್ವಕೋಶ. ಕಾರಂತರ 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ' ಕೂಡ ಅದೇ ಜಾತಿ.

ಹಳೆಯ ಕಾಲಕ್ಕೆ ಹೋದರೆ ಇನ್ನೂ ಮಜಾ ಇದೆ. ಹತ್ತನೇ ಶತಮಾನದ 'ರನ್ನಕಂದ' ಹೆಸರು ಕೇಳಿದರೆ ಯಾವುದೋ ಕಾವ್ಯ ಅನ್ನಿಸುತ್ತದೆ. ಅದು ನಿಘಂಟು. 'ಕಬ್ಬಿಗರ ಕೈಪಿಡಿ'ಯೂ ನಿಘಂಟು. ನಾಗವರ್ಮನ 'ಅಭಿಧಾನವಸ್ತುಕೋಶ', ಮಂಗರಾಜನ 'ಅಭಿನವಾಭಿಧಾನ' ಎಲ್ಲ ಇದೇ ಸಾಲಿನವು. ಇವೆಲ್ಲ ಪದ್ಯದಲ್ಲಿವೆ. ಯಾಕೆಂದರೆ ಇವನ್ನು ಬಾಯಿಪಾಠ ಮಾಡುತ್ತಿದ್ದರು, ಸಂಸ್ಕೃತದ ಅಮರಕೋಶದ ಹಾಗೆ. ಹಾಗಾಗಿ ಪದಗಳು ಅಕಾರಾದಿಯಲ್ಲಿ, ಅಂದರೆ ಅ, ಆ, ಇ ಎಂಬ ಅಕ್ಷರಕ್ರಮದಲ್ಲಿ, ಇರುವುದಿಲ್ಲ. ದೇವರ ಹೆಸರುಗಳು ಒಂದು ಕಡೆ, ನೀರು-ಸಮುದ್ರ ಒಂದು ಕಡೆ, ಗಿಡಮರ ಇನ್ನೊಂದು ಕಡೆ. ಇಂಥ ಪುಸ್ತಕದ ಅಚ್ಚಾದ ಪ್ರತಿ ಕೈಗೆ ಸಿಕ್ಕರೆ ಮೊದಲ ಪುಟದಿಂದ ಹುಡುಕಬೇಡಿ. ಕೊನೆಯಲ್ಲಿ ಸಂಪಾದಕರು ಸಾಮಾನ್ಯವಾಗಿ ಅಕಾರಾದಿ ಪಟ್ಟಿ ಕೊಟ್ಟಿರುತ್ತಾರೆ. ಅಲ್ಲಿಂದ ಪದ್ಯದ ನಂಬರ್ ಹಿಡಿದು ಒಳಗೆ ಬನ್ನಿ.

ಯಾವ ಪುಸ್ತಕವೇ ಆಗಲಿ, ಮೊದಲ ಹತ್ತು ಪುಟಗಳಲ್ಲಿ ಗುಟ್ಟು ಇರುತ್ತದೆ. 'ಸಂಪಾದಕರ ಮಾತು', 'ಪೀಠಿಕೆ', 'ಸಂಕೇತ ಸೂಚಿ'. ಈ ಮೂರನ್ನು ಓದೋಕೆ ಹತ್ತು ನಿಮಿಷ ಸಾಕು. ನಾವು ಹಾರಿಸುವುದು ಮಾತ್ರ ಇದನ್ನೇ.

ನಿಘಂಟಿನಲ್ಲಿ ಪದ ಹುಡುಕುವುದು

'ಈ ನಿಘಂಟಿನಲ್ಲಿ ಆ ಪದವೇ ಇಲ್ಲ' ಎನ್ನುವವರು ಬಹಳ. ಹೆಚ್ಚಿನ ಸಲ ಪದ ಇರುತ್ತದೆ. ನಾವು ತಪ್ಪು ಜಾಗದಲ್ಲಿ ನೋಡಿರುತ್ತೇವೆ.

ಮೊದಲು ಅಕ್ಷರದ ಸಾಲು. ನಮ್ಮ ಬಹಳಷ್ಟು ನಿಘಂಟುಗಳಲ್ಲಿ ಸೊನ್ನೆ ಇರುವ ಪದಗಳು ಮೊದಲು ಬರುತ್ತವೆ. ಅಂಕ, ಅಂಗಡಿ, ಅಂಚು ಎಲ್ಲ ಮುಗಿದ ಮೇಲೆ ಅಕಾಲ, ಆಮೇಲೆ ಅಕ್ಕ. ಇಲ್ಲಿ ಅಕಾಲ ಮೊದಲು, ಅಕ್ಕ ಆಮೇಲೆ ಎನ್ನುವುದನ್ನು ಗಮನಿಸಿ. ಕಾಗುಣಿತ ಪೂರ್ತಿ ಮುಗಿದ ಮೇಲೆ ಒತ್ತಕ್ಷರದ ಸರದಿ. ಅದೇ ಕಾರಣಕ್ಕೆ ಕ್ರಮ, ಕ್ಷಮೆ ಎಲ್ಲ 'ಕೌ' ಆದ ಮೇಲೆ ಸಿಗುತ್ತವೆ. ಶಾಲೆಯಲ್ಲಿ ಅಕ್ಷರಮಾಲೆಯ ಕೊನೆಗೆ ಕ್ಷ, ಜ್ಞ ಬರೆದು ಅಭ್ಯಾಸ. ಅದನ್ನೇ ನಂಬಿ 'ಳ' ಆದ ಮೇಲೆ ಕ್ಷಮೆ ಹುಡುಕಿದರೆ ಪುಸ್ತಕವೇ ಮುಗಿದಿರುತ್ತದೆ. ಕ್ಷ ಎಂದರೆ ಕಕಾರಕ್ಕೆ ಷಕಾರದ ಒತ್ತು, ಅದು 'ಕ' ಭಾಗದಲ್ಲಿ. ಜ್ಞಾನ 'ಜ' ಭಾಗದಲ್ಲಿ.

ಎರಡನೆಯದು, ಪದದ ಮೂಲ ರೂಪ. ನಿಘಂಟಿನಲ್ಲಿ 'ಬಂದನು' ಎಂಬುದು ಸಿಗುವುದಿಲ್ಲ. 'ಬರು' ನೋಡಬೇಕು. ತಂದಳು ಎಂದರೆ ತರು. ನಿಂತ ಎಂದರೆ ನಿಲ್ಲು. ಸತ್ತ ಎಂದರೆ ಸಾಯು. ನಾಮಪದಕ್ಕೆ ಹತ್ತಿದ ವಿಭಕ್ತಿ ಕಳಚಿ ನೋಡಿ: ಹೊಲದಲ್ಲಿ ಎಂದಿದ್ದರೆ ಹೊಲ.

ಮೂರನೆಯದು ಸಂಧಿ. ಸಮಾಸದಲ್ಲಿ ಎರಡನೇ ಪದದ ಮೊದಲಕ್ಷರ ಬದಲಾಗಿರುತ್ತದೆ. ಮಳೆಗಾಲದಲ್ಲಿ ಇರುವುದು ಕಾಲ, 'ಗಾಲ' ಅಲ್ಲ. ಬೆಟ್ಟದಾವರೆಯಲ್ಲಿ ಇರುವುದು ತಾವರೆ. ಹೊಸಗನ್ನಡ ಓದುವಾಗ ಇದು ತಾನಾಗಿ ಹೊಳೆಯುತ್ತದೆ. ಹಳಗನ್ನಡ ಪದ್ಯದಲ್ಲಿ ನಾಲ್ಕು ಪದ ಅಂಟಿಕೊಂಡು ಕೂತಿರುವಾಗ ಹೊಳೆಯುವುದಿಲ್ಲ. ಆಗ ಗ, ದ, ಬ ಕಂಡ ಕಡೆ ಕ, ತ, ಪ ಹಾಕಿ ನೋಡಿ.

ಹಳಗನ್ನಡಕ್ಕೇ ಸೇರಿದ ಇನ್ನೊಂದು ಸೂತ್ರ: ಆಗಿನ 'ಪ' ಈಗ 'ಹ' ಆಗಿದೆ. ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ, ಪೂ ಎಂದರೆ ಹೂ. ಪಕಾರದಲ್ಲಿ ಸಿಗದಿದ್ದರೆ ಹಕಾರ ನೋಡಿ. ಇದೊಂದನ್ನು ನೆನಪಿಟ್ಟುಕೊಂಡರೆ ಪಂಪನ ಅರ್ಧ ಭಯ ಹೋಗುತ್ತದೆ.

ಪದ ಸಿಕ್ಕಿತು ಎನ್ನಿ. ಪಕ್ಕದ ಪುಟ್ಟ ಅಕ್ಷರಗಳನ್ನು ಬಿಡಬೇಡಿ. ನಾ ಎಂದರೆ ನಾಮಪದ, ಕ್ರಿ ಎಂದರೆ ಕ್ರಿಯಾಪದ, ಗು ಎಂದರೆ ಗುಣವಾಚಕ, ಅ ಎಂದರೆ ಅವ್ಯಯ, ಸಂ ಎಂದರೆ ಸಂಸ್ಕೃತ. ಒಂದು ಪದಕ್ಕೆ 1, 2, 3 ಎಂದು ಅರ್ಥಗಳಿದ್ದರೆ ಮೊದಲನೆಯದನ್ನೇ ಎತ್ತಿಕೊಂಡು ಓಡಬೇಡಿ. ನಿಮ್ಮ ವಾಕ್ಯಕ್ಕೆ ಒಂದೊಂದನ್ನೂ ಹಾಕಿ ನೋಡಿ.

ಯಾವ ನಿಘಂಟು? ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ 'ಕನ್ನಡ ನಿಘಂಟು' ಎಂಟು ಸಂಪುಟ. ಮೊದಲನೆಯದು 1970ರಲ್ಲಿ, ಎಂಟನೆಯದು 1995ರಲ್ಲಿ ಬಂತು. ಜಿ. ವೆಂಕಟಸುಬ್ಬಯ್ಯನವರ ಹೆಸರು ಇದರೊಂದಿಗೇ ಸೇರಿಕೊಂಡಿದೆ. ಇದರ ಹೆಚ್ಚುಗಾರಿಕೆ ಏನೆಂದರೆ, ಪ್ರತಿ ಅರ್ಥದ ಕೆಳಗೆ ಶಾಸನದಿಂದಲೋ ಕಾವ್ಯದಿಂದಲೋ ಒಂದು ಪ್ರಯೋಗ ಕೊಟ್ಟಿರುತ್ತಾರೆ. ಆ ಪದ ಯಾವ ಕಾಲದಲ್ಲಿ ಹೇಗೆ ಓಡಾಡುತ್ತಿತ್ತು ಎನ್ನುವುದು ಕಾಣುತ್ತದೆ. ಮನೆಗೆ ಎಂಟು ಸಂಪುಟ ಬೇಡ ಎಂದರೆ ಪರಿಷತ್ತಿನದೇ 'ಸಂಕ್ಷಿಪ್ತ ಕನ್ನಡ ನಿಘಂಟು' ಇದೆ, ಇನ್ನೂ ಚಿಕ್ಕದಾಗಿ 'ಕನ್ನಡ ರತ್ನಕೋಶ' ಇದೆ. ಮನೆಗೆ ಒಂದೇ ಒಂದು ಪುಸ್ತಕ ಕೊಳ್ಳುವವರಿಗೆ ನಾನು ಹೇಳುವುದು ಸಂಕ್ಷಿಪ್ತ ನಿಘಂಟನ್ನೇ.

ಕಿಟ್ಟೆಲ್ ಬೇರೆ ಲೆಕ್ಕ. ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. ಅರ್ಥ ಇಂಗ್ಲಿಷಿನಲ್ಲಿ ಇರುವುದರಿಂದ ಕೆಲವರು ಮುಟ್ಟುವುದಿಲ್ಲ. ಆದರೆ ಗಾದೆ, ಆಡುಮಾತು, ಹಳ್ಳಿಯ ಬಳಕೆ, ಮರಾಠಿ-ಹಿಂದೂಸ್ತಾನಿಯಿಂದ ಬಂದ ಪದ ಇವೆಲ್ಲ ಅಲ್ಲಿ ಸಿಕ್ಕಷ್ಟು ಸುಲಭವಾಗಿ ಬೇರೆ ಕಡೆ ಸಿಗುವುದಿಲ್ಲ. ಪದ ಯಾವ ಭಾಷೆಯಿಂದ ಬಂತು ಎನ್ನುವ ಗುರುತನ್ನೂ ಹಾಕಿದ್ದಾರೆ. ಬಲ್ಲವರು ಇದನ್ನು 'ಕಿಟ್ಟೆಲ್ ನಿಘಂಟು' ಎಂದೂ ಪೂರ್ತಿ ಹೇಳುವುದಿಲ್ಲ. 'ಕಿಟ್ಟೆಲ್ ನೋಡಿದ್ರಾ?' ಎನ್ನುತ್ತಾರೆ ಅಷ್ಟೆ.

ಆಯಾ ಸೀಮೆಯ ಮಾತಿಗೆ ಅವವೇ ನಿಘಂಟುಗಳು ಬಂದಿವೆ. ಕುಂದಾಪ್ರ ಕನ್ನಡಕ್ಕೆ ಒಂದಿದೆ. ತುಳುವಿಗಂತೂ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ನಿಘಂಟನ್ನೇ ಕೊಟ್ಟಿದೆ.

ಅಜ್ಜನ ಕ್ರಯಪತ್ರ ಓದಬೇಕಾದಾಗ

ನಿಘಂಟು ನಿಜವಾಗಿ ಮನೆಗೆ ಬೇಕಾಗುವುದು ಇಂಥ ಹೊತ್ತಿನಲ್ಲಿ. ಅಟ್ಟದ ಟ್ರಂಕಿನಿಂದ ಹಳೆ ಕ್ರಯಪತ್ರ ಬರುತ್ತದೆ. ಅದರಲ್ಲಿ ತರಿ, ಖುಷ್ಕಿ, ಬಾಗಾಯ್ತು, ಖರಾಬು, ಚಕ್ಕುಬಂದಿ ಎಂದೆಲ್ಲ ಇರುತ್ತದೆ. ಮನೆಯ ಹುಡುಗರಿಗೆ ಒಂದೂ ಅರ್ಥವಾಗುವುದಿಲ್ಲ.

ಕೆಲಸ ಹೀಗೆ ಮಾಡಿ. ಗೊತ್ತಿಲ್ಲದ ಪದಗಳನ್ನು ಮೊದಲು ಕಾಗದದಲ್ಲಿ ಇದ್ದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಆಮೇಲೆ ಪ್ರತಿಯೊಂದಕ್ಕೂ ಎರಡು ಮೂರು ಕಾಗುಣಿತ ಊಹಿಸಿ. ಹಳೆಯ ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದರು. ಚಕ್ಕುಬಂದಿಯೇ ಚೆಕ್ಕುಬಂದಿ, ಚಕಬಂದಿ ಆಗಿರಬಹುದು. ಖುಷ್ಕಿ ಕುಷ್ಕಿ ಆಗಿರಬಹುದು. ಮಹಾಪ್ರಾಣ ಇದ್ದ ಕಡೆ ಅಲ್ಪಪ್ರಾಣ, ಅಲ್ಪಪ್ರಾಣ ಇದ್ದ ಕಡೆ ಮಹಾಪ್ರಾಣ ಹಾಕಿ ಹುಡುಕಿ. ಹೀಗೆ ನೋಡಿದರೆ ತರಿ ಎಂದರೆ ನೀರಾವರಿ ಇರುವ ಗದ್ದೆ, ಖುಷ್ಕಿ ಎಂದರೆ ಮಳೆ ನಂಬಿದ ಹೊಲ, ಬಾಗಾಯ್ತು ಎಂದರೆ ತೋಟ, ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ, ಚಕ್ಕುಬಂದಿ ಎಂದರೆ ನಾಲ್ಕೂ ದಿಕ್ಕಿನ ಗಡಿ ಎಂದು ಬಿಡಿಸಿಕೊಳ್ಳುತ್ತದೆ.

ಸಾಹಿತ್ಯದ ನಿಘಂಟಿನಲ್ಲಿ ಸಿಗದ ಕಂದಾಯದ ಪದ ಆಡಳಿತ ಪದಕೋಶದಲ್ಲಿ ಸಿಗಬಹುದು. ಸರ್ಕಾರದ 'ಪದಕಣಜ' ಜಾಲತಾಣ ಇಂಥ ಹಲವು ಪದಕೋಶಗಳನ್ನು ಒಂದೇ ಹುಡುಕಾಟದ ಕೆಳಗೆ ತಂದಿದೆ. ಒಂದು ಪದ ಹಾಕಿದರೆ ಯಾವ ಯಾವ ಕೋಶದಲ್ಲಿ ಏನೇನು ಅರ್ಥ ಎಂದು ತೋರಿಸುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಬೇಗ ಒಂದು ಅರ್ಥ ಬೇಕಿದ್ದರೆ 'ಅಲರ್' ಎಂಬ ಆನ್‌ಲೈನ್ ನಿಘಂಟು ಒಳ್ಳೆಯದು. ಫೋನಿನಲ್ಲೇ ಕೆಲಸ ಮುಗಿಯುತ್ತದೆ. ಆದರೆ ಜಮೀನಿನ ತಕರಾರು ಇದ್ದರೆ ನಿಘಂಟಿನ ಅರ್ಥ ಹಿಡಿದು ವಾದಕ್ಕೆ ಇಳಿಯಬೇಡಿ. ಅದಕ್ಕೆ ವಕೀಲರಿದ್ದಾರೆ.

ವಿಶ್ವಕೋಶ: ವರ್ಷ ನೋಡಿ ಆಮೇಲೆ ಓದಿ

ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ' 14 ಸಂಪುಟ. ಮೊದಲ ಸಂಪುಟ 1969ರಲ್ಲಿ, ಕೊನೆಯದು 2004ರಲ್ಲಿ. ಮೊದಲನೆಯದು ಬಂದಾಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೇ ಇರಲಿಲ್ಲ, ಅದು ಬಂದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಒಂದೇ ಸೆಟ್ಟಿನ ಒಳಗೆ 35 ವರ್ಷದ ಅಂತರ ಇದೆ. ಜನಸಂಖ್ಯೆ, ಜಿಲ್ಲೆ, ದೇಶದ ಗಡಿ, ವಿಜ್ಞಾನದ ಹೊಸ ಸಂಗತಿ ಇವನ್ನೆಲ್ಲ ಅಲ್ಲಿಂದ ಹಾಗೇ ಎತ್ತಬೇಡಿ. ಇತಿಹಾಸ, ವಾಸ್ತುಶಿಲ್ಪ, ಸಾಹಿತ್ಯ, ಗಿಡಮರ, ಸಂಗೀತ ಇವಕ್ಕೆ ಧೈರ್ಯವಾಗಿ ನೋಡಿ. ಎಷ್ಟೋ ಲೇಖನಗಳನ್ನು ಆಯಾ ವಿಷಯದಲ್ಲಿ ಮಾಗಿದವರು ಬರೆದಿದ್ದಾರೆ. ಕೊನೆಗೆ ಅವರ ಹೆಸರಿನ ಮೊದಲಕ್ಷರಗಳು ಇರುತ್ತವೆ.

ಹೊರದೇಶದವರನ್ನು ಮನೆತನದ ಹೆಸರಿನ ಕೆಳಗೆ ಹುಡುಕಿ. ಐನ್‌ಸ್ಟೈನ್ ಬೇಕಿದ್ದರೆ 'ಐ', ಆಲ್ಬರ್ಟ್ ಎಂದು 'ಆ' ಅಲ್ಲ. ಹೊರಗಿನ ಹೆಸರುಗಳ ಕನ್ನಡ ಕಾಗುಣಿತ ಆಗಿನವರದು ಒಂದು, ನಮ್ಮದು ಒಂದು. ದೀರ್ಘ ಹ್ರಸ್ವ ಮಾಡಿ ಎರಡು ಸಲ ನೋಡಿ. ವಿಶ್ವವಿದ್ಯಾನಿಲಯ ಇದನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟ ಮೇಲೆ ಬಹಳಷ್ಟು ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲೂ ಸಿಗುತ್ತವೆ.

ಸಮಗ್ರ, ಆಯ್ದ, ಸಂಗ್ರಹ, ಸಂಕಲನ

ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲಿ. ಒಂದೊಂದನ್ನೇ ನೋಡೋಣ.

ಸಂಕಲನ ಎಂದರೆ ಬಿಡಿ ಬರಹಗಳನ್ನು ಒಂದು ಪುಸ್ತಕಕ್ಕೆ ತಂದದ್ದು. ಒಬ್ಬರದೂ ಆಗಬಹುದು, ಹಲವರದೂ ಆಗಬಹುದು. ಕವನ ಸಂಕಲನ, ಕಥಾ ಸಂಕಲನ ಎಂದು ನಾವು ದಿನಾ ಹೇಳುವುದು ಇದನ್ನೇ. ಆಯ್ದ ಎಂದರೆ ಯಾರೋ ಒಬ್ಬರು ಆರಿಸಿದ್ದಾರೆ. ಆರಿಸಿದವರು ಯಾರು ಎನ್ನುವುದು ಮುಖ್ಯ. ಅದಕ್ಕೆ ಸಂಪಾದಕರ ಹೆಸರು ನೋಡಿ. ಸಂಪುಟ ಎಂದರೆ ದೊಡ್ಡ ಕೆಲಸದ ಒಂದು ಭಾಗ. ಹಾಗೆ ಸಂಪುಟ 2 ಎಂದಿದ್ದರೆ ಒಟ್ಟು ಎಷ್ಟು ಎಂದು ಕೇಳದೆ ಬಿಲ್ ಮಾಡಿಸಬೇಡಿ. ಸಂಚಿಕೆ ಎನ್ನುವುದು ಪತ್ರಿಕೆಯ ಮಾತು.

ಸಂಗ್ರಹ ಎಂಬ ಪದ ಎರಡು ಮುಖದ್ದು. 'ಗಾದೆಗಳ ಸಂಗ್ರಹ' ಎಂದರೆ ಗಾದೆಗಳನ್ನು ಒಟ್ಟುಗೂಡಿಸಿದ ಪುಸ್ತಕ. ಅದೇ 'ಹರಿಶ್ಚಂದ್ರಕಾವ್ಯ ಸಂಗ್ರಹ' ಎಂದರೆ ರಾಘವಾಂಕನ ಕಾವ್ಯವನ್ನು ಚಿಕ್ಕದು ಮಾಡಿದ ಪುಸ್ತಕ. ಹಳೆಯ ಕಾವ್ಯದ ಹೆಸರಿಗೆ ಸಂಗ್ರಹ ಅಂಟಿಕೊಂಡಿದ್ದರೆ ಪದ್ಯಗಳನ್ನು ಬಿಟ್ಟಿದ್ದಾರೆ ಎಂದೇ ಅರ್ಥ. ವಿದ್ಯಾರ್ಥಿಗಳಿಗೆ ಅನುಕೂಲ. ಪೂರ್ತಿ ಕಾವ್ಯ ಬೇಕೆಂದು ಕೊಂಡವರು ಮನೆಗೆ ಹೋಗಿ ಪೇಚಾಡುತ್ತಾರೆ.

ಸಮಗ್ರ ಎಂದರೆ ಎಲ್ಲವೂ. ಹಾಗೆಂದು ಪದ ಹೇಳುತ್ತದೆ, ಪುಸ್ತಕ ಯಾವಾಗಲೂ ಹೇಳುವುದಿಲ್ಲ. ಬರೆಯುವವರು ಬದುಕಿರುವಾಗ ಬಂದ 'ಸಮಗ್ರ' ಆ ವರ್ಷಕ್ಕೆ ಮಾತ್ರ ಸಮಗ್ರ. ಅದಕ್ಕೇ ಕೆಲವರು 'ಇದುವರೆಗಿನ ಕವಿತೆಗಳು' ಎಂದು ಹಾಕುತ್ತಾರೆ. ನನಗೆ ಈ ಮಾತು ಹೆಚ್ಚು ಇಷ್ಟ, ಅದರಲ್ಲಿ ಮೋಸ ಇಲ್ಲ. ಅನಂತಮೂರ್ತಿಯವರ 'ಮೂರು ದಶಕದ ಕಥೆಗಳು', 'ಐದು ದಶಕದ ಕಥೆಗಳು' ಎರಡೂ ಅಂಗಡಿಯ ಒಂದೇ ಸಾಲಿನಲ್ಲಿ ಕಂಡರೆ ಎರಡನ್ನೂ ಕೊಳ್ಳುವ ಅಗತ್ಯ ಇಲ್ಲ. ಎರಡನೆಯದನ್ನು ತೆಗೆದುಕೊಳ್ಳಿ.

ಹೆಸರಿನಲ್ಲಿ ಸಮಗ್ರ ಎಂದು ಎಲ್ಲೂ ಇಲ್ಲದೆ, ಒಳಗೆ ಒಬ್ಬರ ಜೀವಮಾನದ ಕಾವ್ಯ ಇರುವ ಪುಸ್ತಕಗಳೂ ಇವೆ. ಬೇಂದ್ರೆಯವರ ಕಾವ್ಯವನ್ನೆಲ್ಲ ಒಟ್ಟು ತಂದ ಸಂಪುಟಗಳ ಹೆಸರು 'ಔದುಂಬರ ಗಾಥೆ'. ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನಗಳು ಒಟ್ಟಾಗಿ ಬಂದ ಪುಸ್ತಕ 'ಮಲ್ಲಿಗೆಯ ಮಾಲೆ'. ಇದನ್ನು 1942ರ 'ಮೈಸೂರು ಮಲ್ಲಿಗೆ' ಎಂದುಕೊಂಡು ಕೈಗೆತ್ತಿಕೊಂಡವರು ಅದರ ಗಾತ್ರ ನೋಡಿಯೇ ಬೆಚ್ಚುತ್ತಾರೆ. ಕಲಬುರ್ಗಿಯವರ ಸಂಶೋಧನ ಲೇಖನಗಳು 'ಮಾರ್ಗ' ಎಂಬ ಹೆಸರಿನಲ್ಲಿ ಸಂಪುಟ ಸಂಪುಟವಾಗಿ ಬಂದವು. ಡಿವಿಜಿಯವರದು 'ಕೃತಿಶ್ರೇಣಿ'. ಈ ಹೆಸರುಗಳನ್ನು ಗೊತ್ತು ಮಾಡಿಕೊಂಡೇ ಹೋಗಬೇಕು. ಅಂಗಡಿಯಲ್ಲಿ 'ಬೇಂದ್ರೆ ಸಮಗ್ರ' ಎಂದು ಕೇಳಿದರೂ ಹಳಬರು ಸರಿಯಾದದ್ದನ್ನೇ ಕೊಡುತ್ತಾರೆ. ಕಂಪ್ಯೂಟರಿನಲ್ಲಿ ಹುಡುಕುವ ಹುಡುಗನಿಗೆ ಮಾತ್ರ ಅದು ಸಿಗುವುದಿಲ್ಲ.

ಕೊಳ್ಳುವ ಮುಂಚೆ ಹಕ್ಕುಪುಟ ನೋಡಿ. ಹೆಸರಿನ ಪುಟದ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದು. 'ಮುದ್ರಣ' ಮತ್ತು 'ಆವೃತ್ತಿ' ಬೇರೆ ಬೇರೆ. ಐದನೇ ಮುದ್ರಣ ಎಂದರೆ ಅದೇ ಪುಸ್ತಕ ಐದನೇ ಸಲ ಅಚ್ಚಾಗಿದೆ. ಪರಿಷ್ಕೃತ ಆವೃತ್ತಿ ಎಂದರೆ ಒಳಗೆ ತಿದ್ದಿದ್ದಾರೆ ಅಥವಾ ಸೇರಿಸಿದ್ದಾರೆ. ಕತೆ-ಕಾದಂಬರಿಗೆ ಯಾವ ಮುದ್ರಣವಾದರೂ ನಡೆಯುತ್ತದೆ. ನಿಘಂಟು, ಪದಕೋಶ, ಕಾನೂನು ಪುಸ್ತಕಕ್ಕೆ ಆವೃತ್ತಿ ನೋಡಲೇಬೇಕು. ಪ್ರಕಾಶಕರು ಎರಡನ್ನೂ ಬೆರೆಸಿ ಬರೆಯುವುದುಂಟು. ಅನುಮಾನ ಬಂದರೆ 'ಈ ಆವೃತ್ತಿಯ ಬಗ್ಗೆ' ಎಂಬ ಮುನ್ನುಡಿ ಇದೆಯಾ ನೋಡಿ.

ಫಾರ್ವರ್ಡ್ ಬಂದ ವಚನವನ್ನು ಪರೀಕ್ಷಿಸುವುದು

ಸಮಗ್ರ ಸಂಪುಟದ ದಿನಬಳಕೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ವಾಟ್ಸ್ಯಾಪಿನಲ್ಲಿ ಒಂದು ವಚನ ಬರುತ್ತದೆ, ಕೆಳಗೆ 'ಬಸವಣ್ಣ' ಎಂದಿರುತ್ತದೆ. ಮದುವೆ ಪತ್ರಿಕೆಗೋ ಭಾಷಣಕ್ಕೋ ಹಾಕಬೇಕು. ಅದು ನಿಜವಾಗಿ ಬಸವಣ್ಣನವರದೇ?

ಮೊದಲು ಅಂಕಿತ ನೋಡಿ, ಅಂದರೆ ವಚನಕಾರರು ತಮ್ಮ ಗುರುತಾಗಿ ವಚನದಲ್ಲಿ ಹಾಕುವ ದೇವರ ಹೆಸರು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ. ಆದರೆ 'ಕೂಡಲಚೆನ್ನಸಂಗಮದೇವ' ಎಂದಿದ್ದರೆ ಚೆನ್ನಬಸವಣ್ಣ. ನಡುವಿನ 'ಚೆನ್ನ' ಕಣ್ಣಿಗೆ ಬೀಳದೆ ಎಷ್ಟೋ ವಚನ ಸೋದರಮಾವನ ಲೆಕ್ಕಕ್ಕೆ ಹೋಗಿವೆ. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನ ಎಂದರೆ ಸಿದ್ಧರಾಮ, ಗುಹೇಶ್ವರ ಎಂದರೆ ಅಲ್ಲಮ. ಅಂಕಿತವೇ ಇಲ್ಲದೆ ಬಂದಿದ್ದರೆ ಆಗಲೇ ಅನುಮಾನ ಪಡಿ.

ಆಮೇಲೆ 'ಸಮಗ್ರ ವಚನ ಸಂಪುಟ'. ಕರ್ನಾಟಕ ಸರ್ಕಾರ 1993ರಲ್ಲಿ ತಂದ 15 ಸಂಪುಟಗಳ ಮಾಲೆ. ಮೊದಲನೆಯದು ಬಸವಣ್ಣನವರದು, ಎರಡನೆಯದು ಅಲ್ಲಮನದು, ಐದನೆಯದು ಶಿವಶರಣೆಯರದು. ಕೊನೆಯದು ವಚನ ಪರಿಭಾಷಾಕೋಶ. ಷಟ್‌ಸ್ಥಲ, ಜಂಗಮ, ಪ್ರಸಾದ ಮುಂತಾದ ಪದಗಳಿಗೆ ಅರ್ಥ ಅಲ್ಲೇ ಸಿಗುತ್ತದೆ. ಸರಿಯಾದ ಸಂಪುಟ ತೆಗೆದು ಕೊನೆಯ ಅಕಾರಾದಿಗೆ ಹೋಗಿ. ಅಲ್ಲಿ ವಚನಗಳ ಮೊದಲ ಸಾಲು ಅಕ್ಷರಕ್ರಮದಲ್ಲಿ ಇರುತ್ತದೆ. ನಿಮಗೆ ಗೊತ್ತಿರುವ ಸಾಲಿಗೂ ಅಲ್ಲಿನ ಸಾಲಿಗೂ ಒಂದೆರಡು ಅಕ್ಷರ ವ್ಯತ್ಯಾಸ ಇರಬಹುದು. 'ಉಳ್ಳವರು ಶಿವಾಲಯ ಮಾಡಿಹರು' ಎಂದು ಒಬ್ಬರು, 'ಶಿವಾಲಯವ ಮಾಡುವರು' ಎಂದು ಇನ್ನೊಬ್ಬರು ಹೇಳುತ್ತಾರೆ. ಹಾಗಾಗಿ ಮೊದಲ ಪದವನ್ನು ಮಾತ್ರ ಹಿಡಿದು ಹುಡುಕಿ. ಪುಸ್ತಕ ಹತ್ತಿರ ಇಲ್ಲದಿದ್ದರೆ 'ವಚನ ಸಂಚಯ' ಜಾಲತಾಣದಲ್ಲಿ ಪದ ಹಾಕಿದರೆ ಅದು ಬರುವ ವಚನಗಳೆಲ್ಲ ಬರುತ್ತವೆ. ನಡುವಿನ ಸಾಲು ಮಾತ್ರ ಗೊತ್ತಿದ್ದಾಗ ಪುಸ್ತಕಕ್ಕಿಂತ ಅದೇ ವಾಸಿ.

ಎಲ್ಲ ನೋಡಿಯೂ ಸಿಗಲಿಲ್ಲ ಎಂದರೆ ಯಾರೋ ಈಚೆಗೆ ಬರೆದು ಅಂಕಿತ ಅಂಟಿಸಿದ್ದಾರೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಪತ್ರಿಕೆಗೆ ಹಾಕಬೇಡಿ.

ಅಭಿನಂದನ ಗ್ರಂಥದ ವಿಷಯ

ಹಿರಿಯರೊಬ್ಬರ ಗೌರವಕ್ಕೆಂದು ತರುವ ಈ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂಬ ತಮಾಷೆ ಇದೆ. ಅರ್ಧ ನಿಜ. ಮೊದಲರ್ಧ ಹೊಗಳಿಕೆ, ಫೋಟೋ, ಶುಭಾಶಯ. ಎರಡನೇ ಅರ್ಧದಲ್ಲಿ ಮಾತ್ರ ಬೇರೆಲ್ಲೂ ಸಿಗದ ಸಂಶೋಧನ ಲೇಖನಗಳು ಅಡಗಿರುತ್ತವೆ. ಬಿ.ಎಂ.ಶ್ರೀ ಅವರಿಗೆ ಕೊಟ್ಟ 'ಸಂಭಾವನೆ', ಡಿ.ಎಲ್. ನರಸಿಂಹಾಚಾರ್ಯರಿಗೆ ಕೊಟ್ಟ 'ಉಪಾಯನ' ಇವನ್ನು ಸಂಶೋಧಕರು ಈಗಲೂ ತೆಗೆದು ನೋಡುತ್ತಾರೆ. ತೀರಿಹೋದವರ ನೆನಪಿಗೆ ಬಂದದ್ದಾದರೆ ಸಂಸ್ಮರಣ ಗ್ರಂಥ. ಊರಿನ ಶಾಲೆಗೋ ಸಂಘಕ್ಕೋ ನೂರಾದಾಗ ಬರುವ ಸ್ಮರಣ ಸಂಚಿಕೆಯನ್ನು ರದ್ದಿಗೆ ಹಾಕಬೇಡಿ. ಗ್ಯಾಸೆಟಿಯರ್ ಬರೆಯದ ಊರಿನ ಸಂಗತಿಗಳು ಅದರಲ್ಲಿ ಇರುತ್ತವೆ.

ನೀವೇ ಬರೆಯುವಾಗ

ಪ್ರಬಂಧದ ಕೊನೆಗೆ ಏನು ಶೀರ್ಷಿಕೆ ಹಾಕಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಕರ ಗ್ರಂಥ ಎಂದರೆ ನಿಮ್ಮ ವಿಷಯವೇ ಆಗಿರುವ ಮೂಲ: ಕಾವ್ಯ, ಶಾಸನ, ಕಡತ. ಪರಾಮರ್ಶನ ಗ್ರಂಥ ಎಂದರೆ ಅದರ ಬಗ್ಗೆ ಬೇರೆಯವರು ಬರೆದದ್ದು, ನೀವು ತೆಗೆದು ನೋಡಿದ್ದು. ಗ್ರಂಥಋಣ ಎಂದು ಹಾಕಿದರೆ ಎರಡೂ ಸೇರುತ್ತವೆ. ಲೈಬ್ರರಿಯಲ್ಲಿ ಮಾತ್ರ 'ಪರಾಮರ್ಶನ' ಎಂದರೆ ಬೇರೆ ಅರ್ಥ: ಅಲ್ಲೇ ಕೂತು ನೋಡುವ, ಮನೆಗೆ ಕೊಡದ ಪುಸ್ತಕ. ಬಾಯಲ್ಲಿ ಎಲ್ಲರೂ ಹೇಳುವುದು ರೆಫರೆನ್ಸ್ ಎಂದೇ.

'ಸಂ.' ಎಂಬ ಸಂಕ್ಷೇಪ ಬಳಸುವಾಗ ಜೋಪಾನ. 'ಸಂ. 3' ಎಂದರೆ ಸಂಪುಟ ಮೂರು. 'ಸಂ: ಇಂಥವರು' ಎಂದರೆ ಸಂಪಾದಕರು. ನಿಘಂಟಿನಲ್ಲಿ 'ಸಂ' ಎಂದರೆ ಸಂಸ್ಕೃತ. ಒಂದೇ ಸಾಲಿನಲ್ಲಿ ಎರಡು ಸಂ ಬಂದರೆ ಒಂದನ್ನಾದರೂ ಬಿಡಿಸಿ ಬರೆಯಿರಿ. 'ಪ್ರ.ಸಂ.' ಎಂದರೆ ಪ್ರಧಾನ ಸಂಪಾದಕರು, 'ಅನು.' ಎಂದರೆ ಅನುವಾದ. ವಚನ ಉಲ್ಲೇಖಿಸುವಾಗ ಪುಟಸಂಖ್ಯೆಗಿಂತ ವಚನದ ನಂಬರ್ ಕೊಡಿ. ಮುದ್ರಣ ಬದಲಾದರೆ ಪುಟ ಓಡಿಹೋಗುತ್ತದೆ, ನಂಬರ್ ಉಳಿಯುತ್ತದೆ. ಕಾವ್ಯಕ್ಕೂ ಹಾಗೇ, ಆಶ್ವಾಸ ಅಥವಾ ಸಂಧಿ (ಇಲ್ಲಿ ಎರಡೂ ಕಾವ್ಯದ ಅಧ್ಯಾಯದ ಹೆಸರು), ಆಮೇಲೆ ಪದ್ಯದ ನಂಬರ್. ನಿಘಂಟಿಗೆ ಪುಟವೇ ಬೇಡ, ಯಾವ ಪದದ ಕೆಳಗೆ ಎಂದರೆ ಸಾಕು.

ಅಂದ ಹಾಗೆ ಪುಸ್ತಕದ ಸಂಪಾದನೆ ಮಾಡಿದವರಿಗೆ ಇನ್ನೊಂದು ಸಂಪಾದನೆ ಅಷ್ಟೇನೂ ಆಗಿರುವುದಿಲ್ಲ. ಅವರ ಹೆಸರನ್ನಾದರೂ ಬಿಡದೆ ಹಾಕಿ.

ಹುಡುಕುವುದು, ಕೊಳ್ಳುವುದು

ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯ ಸಾಮಾನ್ಯವಾಗಿ 894.814 ಎಂಬ ಸಂಖ್ಯೆಯ ಕೆಳಗೆ ಇರುತ್ತದೆ. ನಿಘಂಟುಗಳು ಅಲ್ಲಿ ಇರುವುದಿಲ್ಲ, ಭಾಷೆಯ ಸಾಲಿನಲ್ಲೋ ರೆಫರೆನ್ಸ್ ಕಪಾಟಿನಲ್ಲೋ ಇರುತ್ತವೆ. ಕಪಾಟಿಗೆ ಬೀಗ ಇದ್ದರೆ ಹಿಂಜರಿಯಬೇಡಿ, ಕೇಳಿದರೆ ತೆಗೆದುಕೊಡುತ್ತಾರೆ. ಬೇಕಾದ ಪದಗಳ ಪಟ್ಟಿ ಮಾಡಿಕೊಂಡೇ ಹೋಗಿ. ಇಲ್ಲದಿದ್ದರೆ ಒಂದು ಪದಕ್ಕೆ ಹೋದವರು ಪಕ್ಕದ ಪದ, ಅದರ ಪಕ್ಕದ ಪದ ಎಂದು ಮಧ್ಯಾಹ್ನ ಕಳೆಯುತ್ತೀರಿ. ಅದು ತಪ್ಪೇನಲ್ಲ, ಹೋದ ಕೆಲಸ ಆಗುವುದಿಲ್ಲ ಅಷ್ಟೆ.

ಸೆಟ್ ಕೊಳ್ಳುವಾಗ 'ಬಿಡಿ ಸಿಗುತ್ತಾ?' ಎಂದು ಮೊದಲು ಕೇಳಿ. ಎಷ್ಟೋ ಮಾಲೆಗಳಲ್ಲಿ ನಮಗೆ ಬೇಕಾಗುವುದು ಒಂದೆರಡು ಸಂಪುಟ ಮಾತ್ರ. ವಚನದಲ್ಲಿ ಆಸಕ್ತಿ ಇರುವವರಿಗೆ ಬಸವಣ್ಣ, ಅಲ್ಲಮ, ಶಿವಶರಣೆಯರ ಸಂಪುಟ ಮತ್ತು ಪರಿಭಾಷಾಕೋಶ ಇದ್ದರೆ ಬಹಳ ದಿನ ಸಾಕಾಗುತ್ತದೆ. ಸರ್ಕಾರ, ಅಕಾಡೆಮಿ, ವಿಶ್ವವಿದ್ಯಾನಿಲಯಗಳ ಪ್ರಕಟಣೆಗೆ ಬೆಲೆ ಕಡಿಮೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿಯೂ ಸಿಗುವುದುಂಟು. ಆದರೆ ಒಂದು ಸಲ ಮುಗಿದರೆ ಮತ್ತೆ ಅಚ್ಚಾಗೋಕೆ ವರ್ಷಗಟ್ಟಲೆ ಹಿಡಿಯುತ್ತದೆ. ಕಂಡಾಗ ತೆಗೆದುಕೊಳ್ಳಿ.

ಹಳೆ ಪುಸ್ತಕದಂಗಡಿಯಲ್ಲಿ ಸೆಟ್ ಸಿಕ್ಕರೆ ಮೂರು ಕಡೆ ನೋಡಿ. ಬೆನ್ನಿನ ನಂಬರ್ 1ರಿಂದ ಕೊನೆವರೆಗೆ ಸರಿಯಾಗಿ ಇದೆಯಾ. ಕೊನೆಯ ಸಂಪುಟದ ಅಕಾರಾದಿ, ಅನುಬಂಧ ಹರಿದುಹೋಗಿಲ್ಲವಾ, ಏಕೆಂದರೆ ಮೊದಲು ಉದುರುವುದು ಆ ಪುಟಗಳೇ. ಮತ್ತೆ ಎಲ್ಲ ಸಂಪುಟಗಳೂ ಒಂದೇ ಆವೃತ್ತಿಯವಾ. ಬೇರೆ ಬೇರೆ ಆವೃತ್ತಿ ಬೆರೆತಿದ್ದರೆ ಒಂದು ಸಂಪುಟದ ಅಕಾರಾದಿ ಇನ್ನೊಂದರ ಪುಟಕ್ಕೆ ಹೊಂದುವುದಿಲ್ಲ. ನಡುವಿನ ಒಂದು ಸಂಪುಟ ಇಲ್ಲದ ನಿಘಂಟಿನ ಸೆಟ್ಟಿಗೆ ಪೂರ್ತಿ ಸೆಟ್ಟಿನ ಅರ್ಧ ಬೆಲೆಗಿಂತ ಜಾಸ್ತಿ ಕೊಡಬೇಡಿ. ಆ ಒಂದು ಸಂಪುಟ ಬಿಡಿಯಾಗಿ ಸಿಗುವುದು ಬಹಳ ಕಷ್ಟ.